ಯಶೋಧರಚರಿತೆಯಲ್ಲಿ ಹಿಟ್ಟಿನ ಕೋಳಿ

ಜನ್ನನ ಯಶೋಧರಚರಿತೆಯನ್ನು (ಕ್ರಿ.ಶ. 1209) ಕುರಿತ ಆಧುನಿಕ ವಿಮರ್ಶೆ ಬಹುಮಟ್ಟಿಗೆ ಅಮೃತಮತಿಯ ಸುತ್ತಲೇ ಬೆಳೆದಿದೆ. ಅಷ್ಟಾವಂಕನ ಗಾನಕ್ಕೆ ರಾಣಿಯೊಬ್ಬಳು ಮನಸೋತ ಪ್ರಸಂಗ ಮನಶ್ಶಾಸ್ತ್ರದ ದೃಷ್ಟಿಯವರನ್ನು ಸೆಳೆದುದು ಸಹಜವೇ. ಆದರೆ ಅಷ್ಟನ್ನೇ ಕಾವ್ಯವೆಂದು ಬಗೆದು, ಮುಂದಿನ ಭವಾವಳಿಯನ್ನು ಮತಬೋಧೆಯ ಹೊರೆಯೆಂದು ಬದಿಗೊತ್ತುವ ಪರಿಪಾಠ ಕವಿಗೆ ನ್ಯಾಯ ಸಲ್ಲಿಸದು.

ಕಥೆ ಜನ್ನನ ಸ್ವಂತ ಕಲ್ಪನೆಯಲ್ಲ. ಹರಿಭದ್ರನ ಸಮರಾಇಚ್ಚಕಹಾ, ಸೋಮದೇವನ ಯಶಸ್ತಿಲಕ (959), ಪುಷ್ಪದಂತನ ಜಸಹರಚರಿಉ, ವಾದಿರಾಜನ ಯಶೋಧರಚರಿತ ಇವೆಲ್ಲವೂ ಅವನಿಗಿಂತ ಹಿಂದಿನವು. ಇವುಗಳಲ್ಲಿ ವಾದಿರಾಜನ ಕೃತಿಯೇ ಅವನಿಗೆ ಆಕರ. ಪ್ರಾಕೃತ, ಸಂಸ್ಕೃತ, ಅಪಭ್ರಂಶ ಕವಿಗಳನ್ನು ಶತಮಾನಗಳ ಕಾಲ ಹಿಡಿದಿಟ್ಟದ್ದು ಕೇವಲ ಒಂದು ಜಾರವೃತ್ತಾಂತವೆಂದು ನಂಬುವುದು ಕಷ್ಟ.

ಕಾವ್ಯದಲ್ಲಿ ಯಶೋಧರನ ಕತ್ತಿ ಎರಡು ಸಲ ಹೊರಬರುತ್ತದೆ. ಮೊದಲನೆಯದು ರಾತ್ರಿಯಲ್ಲಿ, ಪತ್ನಿಯನ್ನೂ ಅವಳ ಜಾರನನ್ನೂ ಕಣ್ಣಾರೆ ಕಂಡಾಗ. ಕೊಲ್ಲಲು ಕಾರಣವಿದೆ, ಅಧಿಕಾರವಿದೆ. ಆದರೂ ಅವನು ಕೈತಡೆಯುತ್ತಾನೆ. ಮರುದಿನ ಕಂಡದ್ದನ್ನು ಮರೆಮಾಚಿ, ತಾಯಿ ಚಂದ್ರಮತಿಗೆ ದುಃಸ್ವಪ್ನವೊಂದನ್ನು ಕಲ್ಪಿಸಿ ಹೇಳುತ್ತಾನೆ. ಅವಳು ಶಾಂತಿಗಾಗಿ ಬಲಿ ಬೇಡುತ್ತಾಳೆ. ಜೀವವಧೆಗೆ ಒಲ್ಲದ ಮಗ ಕೊನೆಗೆ ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಕತ್ತಿ ಎರಡನೆಯ ಸಲ ಹೊರಬಂದುದು ಅಲ್ಲಿ. ಇಬ್ಬರು ಅಪರಾಧಿಗಳನ್ನು ಉಳಿಸಿದವನು ಹಿಟ್ಟಿನ ಗೊಂಬೆಯನ್ನು ಕಡಿದು ಕೆಡುತ್ತಾನೆ. ಈ ವೈಪರೀತ್ಯವೇ ಕಾವ್ಯದ ಜೀವ. ಸುಳ್ಳು ಕನಸು, ತಾಯಿಯ ದಾಕ್ಷಿಣ್ಯ, ಒಂದು ಸಣ್ಣ ರಾಜಿ: ಸಜ್ಜನನೊಬ್ಬ ಪಾಪಕ್ಕೆ ಇಳಿಯುವ ಮೆಟ್ಟಿಲುಗಳನ್ನು ಜನ್ನ ಎಷ್ಟು ಮೆಲ್ಲಗೆ ಕಟ್ಟಿದ್ದಾನೆ!

ಹಿಟ್ಟಿನ ಕೋಳಿ ಕೂಗಿದುದನ್ನು ಅದ್ಭುತದ ಮೋಹವೆಂದು ಹಳಿಯುವುದುಂಟು. ಆದರೆ ತತ್ತ್ವಾರ್ಥಸೂತ್ರದ ಹಿಂಸಾಲಕ್ಷಣದಲ್ಲಿ ಪ್ರಮಾದಕ್ಕೇ ಮೊದಲ ಸ್ಥಾನ. ಪ್ರಾಣಹಾನಿಯಾಗದಿದ್ದರೂ ಕಷಾಯವಶನಾದವನಿಗೆ ಹಿಂಸೆ ತಪ್ಪದೆಂಬುದನ್ನು ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿಶದಪಡಿಸಿದ್ದಾರೆ. ಕಣ್ಣಿಗೆ ಕಾಣದ ಆ ಭಾವಹಿಂಸೆಯನ್ನು ಕವಿ ಕಿವಿಗೆ ಕೇಳಿಸುತ್ತಾನೆ. ಆ ಕೂಗು ಇಲ್ಲದಿದ್ದರೆ ರಾಜನ ಪಶ್ಚಾತ್ತಾಪಕ್ಕೆ ಆಧಾರವೇ ಇರುತ್ತಿರಲಿಲ್ಲ. ಗಿರೀಶ ಕಾರ್ನಾಡರು 1980ರ ತಮ್ಮ ನಾಟಕಕ್ಕೆ ಹಿಟ್ಟಿನ ಹುಂಜವೆಂದೇ ಹೆಸರಿಟ್ಟುದು ಗಮನಾರ್ಹ; ನಾಟಕಕಾರನ ಕಣ್ಣು ಇಲ್ಲಿ ಹಲವು ವಿಮರ್ಶಕರಿಗಿಂತ ಹರಿತವಾಗಿದೆ.

ಕಥೆ ನಡೆದ ಸ್ಥಳಕ್ಕಿಂತ ಅದನ್ನು ಹೇಳಿದ ಸ್ಥಳ ಇನ್ನೂ ಮುಖ್ಯ. ಚಂಡಮಾರಿಯ ಗುಡಿಯಲ್ಲಿ, ನರಬಲಿಗೆ ಸಿದ್ಧನಾಗಿ ನಿಂತ ಮಾರಿದತ್ತನ ಮುಂದೆ, ಬಲಿಯಾಗಲೆಂದು ಹಿಡಿದುತಂದ ಅಭಯರುಚಿ ತನ್ನ ಹಿಂದಿನ ಜನ್ಮಗಳನ್ನು ನಿರೂಪಿಸುತ್ತಾನೆ. ಹೇಳುವವನು ಹಿಂದೆ ಹಿಟ್ಟನ್ನು ಕಡಿದು ನವಿಲಾಗಿ ಹುಟ್ಟಿದವನು; ಕೇಳುವವನು ಜೋಡಿ ಜೋಡಿ ಜೀವಿಗಳನ್ನು ಕಟ್ಟಿಹಾಕಿಸಿದವನು. ಭವಾವಳಿಯನ್ನು ಬಿಟ್ಟು ಓದಿದರೆ ಮಾರಿದತ್ತನ ಕೈಯಿಂದ ಕತ್ತಿ ಜಾರುವುದೇಕೆಂದು ತಿಳಿಯುವುದೇ ಇಲ್ಲ.