ಕಾಯಿ ಒಡೆದರೆ ಸಾಕೆ?

ಸೆಪ್ಟೆಂಬರ್ ಮೊದಲ ವಾರ ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ ಬಂತೆಂದರೆ ಕೊಡಗಿನ ಊರೂರುಗಳಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಕೋವಿಗೆ ತೋಕ್ ಪೂ ಎಂಬ ಹೂ ಮುಡಿಸಿ ಪೂಜಿಸಿ, ಆಮೇಲೆ ಮೈದಾನಕ್ಕಿಳಿಯುತ್ತಾರೆ. ಆಯುಧವನ್ನು ಮರ್ಯಾದೆಯಿಂದ ಹಿಡಿಯಲು ಕಲಿಸುವ ಈ ಆಟದ ಮೇಲೆ ನನಗೆ ಅಪಾರ ಗೌರವ. ಆದರೆ ಗುರಿಕಾರಿಕೆಯ ಪರೀಕ್ಷೆಯಾಗಿ ಅದು ಅರ್ಧ ದಾರಿಯಲ್ಲೇ ನಿಲ್ಲುತ್ತದೆ.

ಗುರಿ ಹೊಡೆಯುವವನದಷ್ಟೇ ಅಲ್ಲ, ಕೋವಿ, ತೋಟಾಗಳದ್ದೂ ಹೌದು. 12 ಬೋರ್ ಕೋವಿಯ ನಳಿಗೆಯ ಒಳಮೈ ನುಣುಪು. ಒಂಟಿ ಗುಂಡಿಗೆ ಅಲ್ಲಿ ತಿರುಗು ಸಿಗುವುದಿಲ್ಲ. ದೂರ ಹೆಚ್ಚಿದಂತೆ ಅದು ಎತ್ತಲೋ ವಾಲುತ್ತದೆ. .22 ರೈಫಲ್‌ನ ನಳಿಗೆಯಲ್ಲಿ ಸುರುಳಿಗೆರೆಗಳಿವೆ, ಗುಂಡು ತಿರುಗುತ್ತಾ ನೇರ ಹೋಗುತ್ತದೆ. ಆದರೂ ಒಂದೇ ಕಂಪನಿಯ ಎರಡು ಕಂತಿನ (ಲಾಟ್) ತೋಟಾಗಳು ಒಂದೇ ರೈಫಲ್‌ನಿಂದ ಬೇರೆ ಬೇರೆ ಕಡೆ ಬೀಳಬಹುದು. ಅಂತರರಾಷ್ಟ್ರೀಯ ಶೂಟರ್‌ಗಳು ತಮ್ಮ ರೈಫಲ್‌ಗೆ ಒಗ್ಗುವ ಕಂತನ್ನು ಪರೀಕ್ಷಿಸಿ, ಅದನ್ನೇ ಕೂಡಿಡುವುದು ಇದಕ್ಕೇ. ಅಮೆರಿಕದಲ್ಲಿ ರಿವಾಲ್ವರ್ ಹವ್ಯಾಸಿಗಳು ತಾವೇ ಕೂತು ತೋಟಾ ತುಂಬುವುದೂ ಮದ್ದು, ಗುಂಡು ಪ್ರತಿ ಸಲ ಒಂದೇ ಸಮ ಇರಲಿ ಎಂದೇ. 

ನಮ್ಮಲ್ಲಿ ಹೀಗೆ ತಾವೇ ತೋಟಾ ತುಂಬುವ ದಾರಿಯಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಮದ್ದುಗುಂಡು ತಯಾರಿಸಲು ಪರವಾನಗಿ ಬೇಕು. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ 2029ರವರೆಗೆ ಮುಂದುವರಿದಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳಲು, ಒಯ್ಯಲು ಮಾತ್ರ; ತಯಾರಿಕೆಗಲ್ಲ. ಇದು ಸರಿಯಾದ ಕಟ್ಟುಪಾಡು ಎಂದೇ ನನ್ನ ಅಭಿಪ್ರಾಯ.

ಆದರೆ ಪ್ರತಿ ಈಡೂ ಒಂದೇ ಸಮ ಇರಬೇಕೆಂಬ ಅರಿವು ನಮಗೆ ಹೊರಗಿನಿಂದ ಬರಬೇಕಾದ್ದೇನಲ್ಲ. ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯ ಕಾಲದಲ್ಲಿ ಪ್ರತಿ ಈಡನ್ನೂ ಹೊಡೆಯುವವನೇ ತುಂಬಬೇಕಿತ್ತು. ಅಳತೆ ತಪ್ಪಿದರೆ, ಗಜದಲ್ಲಿ ಜಡಿದ ಬಿಗಿ ಹೆಚ್ಚುಕಡಿಮೆಯಾದರೆ ಗುರಿಯೂ ತಪ್ಪುತ್ತಿತ್ತು. ತಪ್ಪು ಕಣ್ಣಿನದೋ ಕೈಯದೋ ಎಂದು ಅವನಿಗೇ ಗೊತ್ತಾಗುತ್ತಿತ್ತು.

ಇವತ್ತಿನ ಸ್ಪರ್ಧೆ ಆ ಲೆಕ್ಕವನ್ನೇ ಕೈಬಿಟ್ಟಿದೆ. ಒಂದೇ ಈಡಿಗೆ ಕಾಯಿ ಒಡೆದರೆ ಗೆದ್ದ, ಇಲ್ಲದಿದ್ದರೆ ಸೋತ. ಕೂದಲೆಳೆಯಲ್ಲಿ ತಪ್ಪಿದವನೂ ಮಾರು ದೂರ ಹೊಡೆದವನೂ ಒಂದೇ. ಸಂಘಟಕರು ಎಲ್ಲರಿಗೂ ಒಂದೇ ಕಂತಿನ ತೋಟಾ ಕೊಡಲಿ, ಕಾಯಿಗೆ ಮೊದಲು ಕಾಗದದ ಗುರಿಗೆ ಮೂರು ಈಡು ಹೊಡೆಸಲಿ. ಮೂರೂ ತೂತು ಒತ್ತೊತ್ತಾಗಿ ಬಿದ್ದವರಿಗೂ ಒಂದು ಬಹುಮಾನ ಇರಲಿ.