ಆಫ್ ಮಾಡಿ, ಆನ್ ಮಾಡಿ: ಅಂತರಜಾಲ ದೋಷ ಪತ್ತೆಯ ಸಲಹೆಗಳು – ಒಂದು ವಿಮರ್ಶೆ

ಮನೆಯ ಕಂಪ್ಯೂಟರಿಗೆ ತಂತಿಯ ಮೂಲಕ ಬರುವ ಅಂತರಜಾಲ ಸಂಪರ್ಕ ಇದ್ದಕ್ಕಿದ್ದಂತೆ ನಿಂತುಹೋದರೆ ನಮಗೆ ಮೂರು ಕಡೆಯಿಂದ ಸಲಹೆ ದೊರೆಯುತ್ತದೆ. ಒಂದು, ಕಂಪ್ಯೂಟರಿನಲ್ಲೇ ಅಡಕವಾಗಿರುವ ದೋಷ ನಿವಾರಕ ತಂತ್ರಾಂಶ. ಎರಡು, ರೂಟರಿನ ಪೆಟ್ಟಿಗೆಯಲ್ಲಿರುವ ಕೈಪಿಡಿ ಮತ್ತು ಅದೇ ಮಾದರಿಯಲ್ಲಿ ಬರೆದ ಕಂಪ್ಯೂಟರ್ ಪುಸ್ತಕಗಳು. ಮೂರು, ದೂರವಾಣಿಯ ಸಹಾಯವಾಣಿ. ಈ ಮೂರೂ ಅನೇಕ ಸಲ ಉಪಯೋಗಕ್ಕೆ ಬರುತ್ತವೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳೋಣ. ಆದರೆ ವಿಜ್ಞಾನ ಕಲಿಸುವವರು ಹಾಗೂ ಕಲಿಯುವವರು ಇವನ್ನು ಬೇರೊಂದು ಒರೆಗಲ್ಲಿಗೆ ಉಜ್ಜಿ ನೋಡಬೇಕು. ಇವು ದೋಷವನ್ನು ಪತ್ತೆ ಮಾಡುತ್ತವೆಯೇ? ಇಲ್ಲವೇ ಗೊತ್ತಿರುವ ಮದ್ದುಗಳನ್ನೆಲ್ಲ ಒಂದಾದ ಮೇಲೊಂದರಂತೆ ಕುಡಿಸುತ್ತವೆಯೇ?

ಪ್ರಶ್ನೆ ಕೇವಲ ತಾತ್ವಿಕವಲ್ಲ. ಬಂಧುಗಳ ಮಗಳೊಬ್ಬಳು ಪ್ರವೇಶ ಪರೀಕ್ಷೆಯ ಅರ್ಜಿ ತುಂಬಲು ಕೊನೆಯ ದಿನ ನಮ್ಮ ಮನೆಗೆ ಬಂದಿದ್ದಳು. ಅರ್ಧ ತುಂಬುವಷ್ಟರಲ್ಲಿ ಸಂಪರ್ಕ ಕಡಿಯಿತು. ಸಹಾಯವಾಣಿಯವರ ಮಾತಿನಂತೆ ಅವಳು ರೂಟರಿನ ಹಿಂಬದಿಯ ಸಣ್ಣ ರಂಧ್ರದಲ್ಲಿ ಗುಂಡುಪಿನ್ನು ತೂರಿಸಿ ಒತ್ತಿ ಹಿಡಿದಳು. ಆ ಗುಂಡಿ ರೂಟರನ್ನು ಮರುಚಾಲನೆ ಮಾಡುವುದಕ್ಕಷ್ಟೇ ಅಲ್ಲ. ಅದರಲ್ಲಿ ನಾವು ದಾಖಲಿಸಿದ್ದ ಬಳಕೆದಾರ ಹೆಸರು, ಗುಪ್ತಪದ ಎಲ್ಲವನ್ನೂ ಅಳಿಸಿ ಕಾರ್ಖಾನೆಯಿಂದ ಬಂದ ಸ್ಥಿತಿಗೆ ತರುವಂಥದ್ದು. "ಮಾವ, ಮೊದಲು ಒಂದು ದೀಪ ಹೋಗಿತ್ತು, ಈಗ ಎರಡು ಹೋಗಿವೆ" ಎಂದಳು. ನಿಜವಾದ ದೋಷ ಮರುದಿನ ಸಿಕ್ಕಿತು. ಕಂಪ್ಯೂಟರಿಗೆ ಚುಚ್ಚಿದ್ದ ತಂತಿಯ ತುದಿಯ ಪ್ಲಾಸ್ಟಿಕ್ ಕೊಕ್ಕೆ ಮುರಿದು, ತಂತಿ ಅರ್ಧ ಹೊರಗೆ ಜಾರಿತ್ತು. ಅರ್ಜಿಯನ್ನು ಅವಳು ಸೈಬರ್ ಅಂಗಡಿಯಲ್ಲಿ ಕೂತು ಹೇಗೋ ತುಂಬಿದಳು. ದೋಷ ಒಂದಿದ್ದುದನ್ನು ಸಲಹೆ ಎರಡು ಮಾಡಿತ್ತು.

ಏನಾಯಿತೆಂದು ಹೇಳದ ದುರಸ್ತಿ

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಜಾಲ ಸಂಪರ್ಕಕ್ಕೆ "ರಿಪೇರಿ" ಎಂಬ ಗುಂಡಿ ಇತ್ತು. ಅದನ್ನು ಒತ್ತಿದರೆ ಕಂಪ್ಯೂಟರು ಐಪಿ ವಿಳಾಸವನ್ನು ಹೊಸದಾಗಿ ಕೇಳಿ ಪಡೆಯುತ್ತಿತ್ತು. ನೆನಪಿನಲ್ಲಿದ್ದ ಮೂರು ಬಗೆಯ ವಿಳಾಸ ಪಟ್ಟಿಗಳನ್ನು ಅಳಿಸುತ್ತಿತ್ತು. ತನ್ನ ಹೆಸರನ್ನು ಎರಡು ಕಡೆ ಮರುನೋಂದಾಯಿಸುತ್ತಿತ್ತು. ಹೀಗೆ ಆರು ಕೆಲಸ ಒಟ್ಟಿಗೆ ನಡೆದು ಕೊನೆಗೆ ದುರಸ್ತಿ ಮುಗಿಯಿತೆಂಬ ಒಂದು ಸಾಲು ಬರುತ್ತಿತ್ತು. ಸಂಪರ್ಕ ಮರಳಿದರೆ ಆರರಲ್ಲಿ ಯಾವುದು ಫಲಿಸಿತು? ತಿಳಿಯದು. ಆರೂ ಅಲ್ಲದೆ, ಅದೇ ಹೊತ್ತಿಗೆ ಹೊರಗಿನ ಮಾರ್ಗ ತಾನಾಗಿ ಸರಿಹೋಗಿದ್ದರೆ? ಅದೂ ತಿಳಿಯದು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದಂತೆ.

ಪ್ರಯೋಗಶಾಲೆಯಲ್ಲಿ ನಾವು ವಿದ್ಯಾರ್ಥಿಗಳಿಗೆ ಹೇಳುವ ಮೊದಲ ಪಾಠ, ಒಂದು ಸಲಕ್ಕೆ ಒಂದೇ ಚರಾಂಶವನ್ನು ಬದಲಿಸಿ ಎಂಬುದು. ಮೀಟರ್ ಸೇತುವೆಯಲ್ಲಿ ಗ್ಯಾಲ್ವನೋಮೀಟರಿನ ಮುಳ್ಳು ಅಲುಗದಿದ್ದಾಗ ಎಲ್ಲ ತಂತಿಗಳನ್ನೂ ಕಿತ್ತು ಮತ್ತೆ ಕಟ್ಟುವ ವಿದ್ಯಾರ್ಥಿಗೆ ನಾವು ಅಂಕ ಕಳೆಯುತ್ತೇವೆ. ಮುಳ್ಳು ಒಂದೇ ಕಡೆಗೆ ಓಡುತ್ತಿದೆಯೇ, ಇಲ್ಲವೇ ಅಲುಗುತ್ತಲೇ ಇಲ್ಲವೇ ಎಂದು ಮೊದಲು ನೋಡುವವನನ್ನು ಮೆಚ್ಚುತ್ತೇವೆ. ಆದರೆ ಮನೆಗೆ ಹೋದೊಡನೆ ಅದೇ ವಿದ್ಯಾರ್ಥಿಯ ಕೈಗೆ ಸಿಗುವುದು ಎಲ್ಲವನ್ನೂ ಕಿತ್ತು ಕಟ್ಟುವ ಗುಂಡಿ!

ವಿಂಡೋಸ್ 7ರ (2009) ನಂತರದ ದೋಷ ನಿವಾರಕ ಇದಕ್ಕಿಂತ ಮೇಲು. ಅದು ಪರೀಕ್ಷಿಸುತ್ತದೆ, ಕಂಡದ್ದನ್ನು ಹೇಳುತ್ತದೆ. ಆದರೆ ಹೇಳುವ ರೀತಿಯಲ್ಲಿ ಒಂದು ಕುಂದಿದೆ. "ಡಿಎನ್ಎಸ್ ಸರ್ವರ್ ಪ್ರತಿಕ್ರಿಯಿಸುತ್ತಿಲ್ಲ" ಎಂಬ ಸಂದೇಶವನ್ನೇ ತೆಗೆದುಕೊಳ್ಳಿ. ತಾಣದ ಹೆಸರನ್ನು ಅಂಕಿಯ ವಿಳಾಸವಾಗಿ ಪರಿವರ್ತಿಸಿಕೊಡುವ ಕಂಪ್ಯೂಟರೇ ಡಿಎನ್ಎಸ್ ಸರ್ವರ್. ಅದು ಉತ್ತರಿಸುತ್ತಿಲ್ಲ ಎಂಬುದು ಒಂದು ವೀಕ್ಷಣೆ, ಕಾರಣವಲ್ಲ. ಬೀದಿಯಲ್ಲಿ ತಂತಿ ತುಂಡಾಗಿದ್ದರೂ ಅದು ಉತ್ತರಿಸುವುದಿಲ್ಲ. ಊರಿಗೆ ಹೋಗುವ ಸೇತುವೆ ಕುಸಿದಾಗ "ಊರಿನ ಅಂಚೆಯವನು ಉತ್ತರಿಸುತ್ತಿಲ್ಲ" ಎಂದಂತೆ ಇದು. ಬಳಕೆದಾರ ಆ ಸಂದೇಶವನ್ನು ನಂಬಿ ಡಿಎನ್ಎಸ್ ವಿಳಾಸಗಳನ್ನು ಬದಲಿಸಲು ಹೊರಡುತ್ತಾನೆ. ಅದಕ್ಕೆ ಮೊದಲು 8.8.8.8ರಂಥ ಅಂಕಿಯ ವಿಳಾಸಕ್ಕೆ ಪಿಂಗ್ ಕಳಿಸಿ ನೋಡಬಹುದಿತ್ತು. ಅಂಕಿಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ಮಾತ್ರ ಡಿಎನ್ಎಸ್ ಮೇಲೆ ಸಂಶಯಪಡಬೇಕು. ಎರಡಕ್ಕೂ ಬಾರದಿದ್ದರೆ ಸೇತುವೆಯನ್ನು ನೋಡಬೇಕು.

ಪರೀಕ್ಷೆಗಳ ಬಗ್ಗೆ ತಪ್ಪು ತಿಳಿವಳಿಕೆ

ಪಟ್ಟಿಗಳಲ್ಲಿ ಪರೀಕ್ಷೆಗಳೇ ಇಲ್ಲವೆಂದಲ್ಲ. ಆದರೆ ಯಾವ ಪರೀಕ್ಷೆ ಏನನ್ನು ಸಾಧಿಸುತ್ತದೆ ಎಂಬುದನ್ನು ಅವು ಬಹಳ ಸಲ ತಪ್ಪಾಗಿ ಹೇಳುತ್ತವೆ. ಮೂರು ಉದಾಹರಣೆಗಳನ್ನು ನೋಡೋಣ.

ಮೊದಲನೆಯದು, "127.0.0.1ಕ್ಕೆ ಪಿಂಗ್ ಮಾಡಿ, ಉತ್ತರ ಬಂದರೆ ಜಾಲ ಕಾರ್ಡು ಸರಿಯಾಗಿದೆ" ಎಂಬ ಮಾತು. ಇದು ತಪ್ಪು. ಆ ವಿಳಾಸಕ್ಕೆ ಕಳಿಸಿದ ಸಂದೇಶ ತಂತ್ರಾಂಶದ ಒಳಗೇ ಹಿಂದಿರುಗುತ್ತದೆ, ಕಾರ್ಡಿನವರೆಗೆ ಹೋಗುವುದೇ ಇಲ್ಲ. ಕಾರ್ಡನ್ನು ಬಿಚ್ಚಿ ಮೇಜಿನ ಮೇಲಿಟ್ಟರೂ ಉತ್ತರ ಬರುತ್ತದೆ. ಕಾರ್ಡು ಮತ್ತು ತಂತಿ ಎರಡನ್ನೂ ಪರೀಕ್ಷಿಸಬೇಕಾದರೆ ಆಚೆ ತುದಿಯಲ್ಲಿರುವ ರೂಟರಿಗೆ ಪಿಂಗ್ ಕಳಿಸಬೇಕು.

ಎರಡನೆಯದು, "ಹಸಿರು ದೀಪ ಉರಿದರೆ ತಂತಿ ಸರಿಯಾಗಿದೆ" ಎಂಬ ನಂಬಿಕೆ. ದೀಪ ಉರಿಯುವುದು ಎರಡು ತುದಿಯ ಸಾಧನಗಳು ಒಂದು ವೇಗಕ್ಕೆ ಒಪ್ಪಿಕೊಂಡಿವೆ ಎಂಬುದರ ಸೂಚನೆ. ಎಷ್ಟು ವೇಗಕ್ಕೆ ಎಂಬುದು ಬೇರೆ ಮಾತು. ತಂತಿಯೊಳಗೆ ನಾಲ್ಕು ಜೊತೆ, ಅಂದರೆ ಎಂಟು ಎಳೆಗಳಿರುತ್ತವೆ. ಸೆಕೆಂಡಿಗೆ 100 ಮೆಗಾಬಿಟ್ ವೇಗಕ್ಕೆ 1, 2, 3 ಮತ್ತು 6ನೆಯ ಎಳೆಗಳು ಸಾಕು. 1000 ಮೆಗಾಬಿಟ್‌ಗೆ ಎಂಟೂ ಬೇಕು. ಉಳಿದ ನಾಲ್ಕರಲ್ಲಿ ಒಂದು ತುಂಡಾದರೆ ಅನೇಕ ಸಾಧನಗಳು ಸದ್ದಿಲ್ಲದೆ 100ಕ್ಕೆ ಇಳಿಯುತ್ತವೆ. ದೀಪ ಉರಿಯುತ್ತಲೇ ಇರುತ್ತದೆ. 300 ಮೆಗಾಬಿಟ್ ಯೋಜನೆಗೆ ಹಣ ಕಟ್ಟಿ, ವೇಗ 95ರ ಆಸುಪಾಸಿನಲ್ಲೇ ನಿಲ್ಲುತ್ತಿದ್ದರೆ ಸೇವಾದಾರರನ್ನು ದೂರುವ ಮೊದಲು ಕಂಪ್ಯೂಟರಿನ ಸಂಪರ್ಕ ಸ್ಥಿತಿಯ ಕಿಟಕಿಯಲ್ಲಿ ವೇಗ 100 ಎಂದಿದೆಯೇ, 1000 ಎಂದಿದೆಯೇ ನೋಡಬೇಕು.

ಮೂರನೆಯದು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಹೆಚ್ಚು ಪ್ರಿಯವಾಗಬೇಕಾದದ್ದು. ತಂತಿ ಜೋಡಿಸುವವರ ಬಳಿ ಎಂಟು ಪುಟ್ಟ ದೀಪಗಳ ಪರೀಕ್ಷಕ ಇರುತ್ತದೆ. ಎಂಟೂ ಸರದಿಯಂತೆ ಉರಿದರೆ ತಂತಿ ಸರಿ ಎನ್ನುತ್ತಾರೆ. ಆದರೆ ಆ ಪರೀಕ್ಷಕ ನೋಡುವುದು ನೇರ ವಿದ್ಯುತ್ತು ಹರಿಯುತ್ತದೆಯೇ ಎಂಬುದನ್ನು ಮಾತ್ರ. 100 ಮೆಗಾಬಿಟ್ ಈಥರ್ನೆಟ್‌ನ ಸಂಕೇತದಲ್ಲಿ ಮೂಲ ಆವೃತ್ತಿ 31.25 ಮೆಗಾಹರ್ಟ್ಸ್‌ವರೆಗೆ ಹೋಗುತ್ತದೆ. ಆ ಆವೃತ್ತಿಯಲ್ಲಿ ಎಳೆಗಳ ಹೊಸೆತಕ್ಕೆ ಅರ್ಥವಿದೆ. ಒಂದು ಜೊತೆಯ ಎರಡು ಎಳೆಗಳಲ್ಲಿ ಸಮ ಮತ್ತು ವಿರುದ್ಧ ಸಂಕೇತಗಳು ಹರಿಯುತ್ತವೆ. ಹೊರಗಿನ ಕಾಂತಕ್ಷೇತ್ರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ವೋಲ್ಟೇಜನ್ನು ಪ್ರೇರೇಪಿಸುತ್ತದೆ. ಗ್ರಾಹಕ ಇವೆರಡರ ವ್ಯತ್ಯಾಸವನ್ನಷ್ಟೇ ಅಳೆಯುವುದರಿಂದ ಗದ್ದಲ ವಜಾ ಆಗುತ್ತದೆ. ಇದಕ್ಕಾಗಿ 3 ಮತ್ತು 6ನೆಯ ಸ್ಥಾನಗಳಿಗೆ ಒಂದೇ ಹೊಸೆತದ ಎರಡು ಎಳೆಗಳು ಬರಬೇಕು. ಅಭ್ಯಾಸವಿಲ್ಲದವರು ಅಂದವಾಗಿ ಕಾಣಲೆಂದು 1-2, 3-4, 5-6, 7-8 ಎಂದು ಜೊತೆಜೊತೆಯಾಗಿ ಜೋಡಿಸಿಬಿಡುತ್ತಾರೆ. ಎರಡೂ ತುದಿಯಲ್ಲಿ ಹೀಗೆಯೇ ಮಾಡಿದರೆ ದೀಪಗಳು ಎಂಟೂ ಉರಿಯುತ್ತವೆ. ಆದರೆ 3 ಮತ್ತು 6 ಬೇರೆ ಬೇರೆ ಹೊಸೆತಕ್ಕೆ ಸೇರಿರುವುದರಿಂದ ಪಕ್ಕದ ಜೊತೆಯ ಸಂಕೇತ ಒಳನುಸುಳುತ್ತದೆ. ಒಂದೆರಡು ಮೀಟರಿನಲ್ಲಿ ಕೆಲಸ ಮಾಡಿದ ತಂತಿ ಮಹಡಿಯವರೆಗೆ ಎಳೆದಾಗ ತಡವರಿಸುತ್ತದೆ. ಪರೀಕ್ಷೆ ಸುಳ್ಳು ಹೇಳಲಿಲ್ಲ. ನಾವು ಕೇಳಿದ ಪ್ರಶ್ನೆಯೇ ಬೇರೆಯಾಗಿತ್ತು.

ಮರುಚಾಲನೆಯ ಪರವಾಗಿ

"ಆಫ್ ಮಾಡಿ, ಆನ್ ಮಾಡಿ" ಎಂಬ ಸಲಹೆಯನ್ನು ಗೇಲಿ ಮಾಡುವುದು ಸುಲಭ, ಆದರೆ ನ್ಯಾಯವಲ್ಲ. ರೂಟರ್ ಕೂಡ ಒಂದು ಪುಟ್ಟ ಕಂಪ್ಯೂಟರೇ. ತನ್ನ ನೆನಪಿನಲ್ಲಿ ಅದು ಸಂಪರ್ಕಗಳ ಪಟ್ಟಿಯನ್ನು ಇಟ್ಟುಕೊಂಡಿರುತ್ತದೆ. ಆ ಪಟ್ಟಿ ಕೆಟ್ಟರೆ ಅಥವಾ ತುಂಬಿದರೆ ಮರುಚಾಲನೆಯಿಂದ ಅದು ಬರಿದಾಗುತ್ತದೆ. ವೇಗದ ಒಪ್ಪಂದವೂ ಹೊಸದಾಗಿ ಆಗುತ್ತದೆ. "ಆಫ್ ಮಾಡಿ ಅರ್ಧ ನಿಮಿಷ ಕಾಯಿರಿ" ಎಂಬುದಕ್ಕೂ ಕಾರಣವಿದೆ. ಒಳಗಿನ ಧಾರಕಗಳಲ್ಲಿ ಉಳಿದ ವಿದ್ಯುದಂಶ ಪೂರ್ತಿ ಇಳಿಯಬೇಕು. ಸೇವಾದಾರರ ಕಡೆಯಲ್ಲಿ ಹಳೆಯ ಸಂಪರ್ಕ ಮುಕ್ತಾಯವಾಗಲೂ ಸಮಯ ಬೇಕು.

ನನ್ನ ಆಕ್ಷೇಪಣೆ ಮದ್ದಿನ ಬಗ್ಗೆ ಅಲ್ಲ, ಅದರ ಸರದಿಯ ಬಗ್ಗೆ. ಮರುಚಾಲನೆ ಸಾಕ್ಷ್ಯವನ್ನು ಅಳಿಸುತ್ತದೆ. ಆದ್ದರಿಂದ ಅದಕ್ಕೆ ಮೊದಲು ಎರಡು ನಿಮಿಷ ಕೂತು ಯಾವ ದೀಪಗಳು ಉರಿಯುತ್ತಿವೆ, ಐಪಿ ವಿಳಾಸ ಏನಿದೆ, ಸಮಯ ಎಷ್ಟು ಎಂದು ಚೀಟಿಯಲ್ಲಿ ಬರೆದುಕೊಳ್ಳಬೇಕು. ಪ್ರತಿ ಮಧ್ಯಾಹ್ನ ಮಾತ್ರ ಕಡಿಯುವ ಸಂಪರ್ಕ ಬಿಸಿಯ ಕಡೆ ಬೊಟ್ಟು ಮಾಡುತ್ತದೆ. ಮಳೆ ಬಂದಾಗಲೆಲ್ಲ ಕಡಿಯುವ ಸಂಪರ್ಕ ಹೊರಗಿನ ಜೋಡಣೆಗೆ ನೀರು ಸೇರುವುದರ ಕಡೆ. ಬರೆದಿಡದೆ ದಿನವೂ ಆಫ್-ಆನ್ ಮಾಡುವವರಿಗೆ ಈ ಸುಳಿವು ಎಂದೂ ಸಿಗದು.

ಎಂಟು ಕೊಂಡಿ, ಮೂರು ಪರೀಕ್ಷೆ

ಹಾಗಾದರೆ ಸರಿಯಾದ ಕ್ರಮ ಯಾವುದು? ಕಂಪ್ಯೂಟರಿನಿಂದ ತಾಣದವರೆಗಿನ ದಾರಿಯನ್ನು ಎಂಟು ಕೊಂಡಿಗಳ ಸರಪಳಿ ಎಂದುಕೊಳ್ಳಿ: ಜಾಲ ಕಾರ್ಡು, ತಂತಿ, ಐಪಿ ವಿಳಾಸ, ರೂಟರ್, ಹೊರಗಿನ ಮಾರ್ಗ, ಸೇವಾದಾರರ ಜಾಲ, ಡಿಎನ್ಎಸ್, ಬ್ರೌಸರ್. ಒಂದು ತುದಿಯಿಂದ ಹೊರಟರೆ ಏಳು ಪರೀಕ್ಷೆಗಳವರೆಗೆ ಬೇಕಾಗಬಹುದು. ಪ್ರತಿ ಸಲವೂ ನಡುವೆ ಸೀಳಿದರೆ ಮೂರು ಸಾಕು, ಏಕೆಂದರೆ 2ರ ಮೂರನೆಯ ಘಾತ 8.

ಮೊದಲ ಪರೀಕ್ಷೆ, ರೂಟರಿಗೆ ಪಿಂಗ್. ಉತ್ತರ ಬಂದರೆ ಮೊದಲ ನಾಲ್ಕು ಕೊಂಡಿಗಳು ಒಂದೇ ಏಟಿಗೆ ನಿರ್ದೋಷಿಗಳು. ಆಗ ಎರಡನೆಯದು, ಹೊರಗಿನ ಅಂಕಿಯ ವಿಳಾಸಕ್ಕೆ ಪಿಂಗ್. ಅದಕ್ಕೂ ಉತ್ತರ ಬಂದರೆ ಉಳಿದದ್ದು ಡಿಎನ್ಎಸ್ ಅಥವಾ ಬ್ರೌಸರ್. ಹೆಸರಿಗೆ ಪಿಂಗ್ ಮಾಡಿದರೆ ಯಾವುದೆಂದು ಗೊತ್ತಾಗುತ್ತದೆ. ಉತ್ತರ ಬಾರದಿದ್ದರೆ ಹೊರಗಿನ ಮಾರ್ಗ ಅಥವಾ ಸೇವಾದಾರರ ಜಾಲ. ಬೆಳಕಿನ ನಾರಿನ ಸಂಪರ್ಕವಾದರೆ ಗೋಡೆಯ ಪೆಟ್ಟಿಗೆಯಲ್ಲಿ ಕೆಂಪು ದೀಪ ಉರಿಯುತ್ತಿದೆಯೇ ನೋಡಿ. ಉರಿಯುತ್ತಿದ್ದರೆ ನಾರಿನಲ್ಲಿ ಬೆಳಕೇ ಬರುತ್ತಿಲ್ಲ.

ರೂಟರಿನಿಂದಲೇ ಉತ್ತರ ಬಾರದಿದ್ದರೆ ಎರಡನೆಯ ಪರೀಕ್ಷೆ, ತಂತಿಯ ತುದಿಯ ದೀಪ. ಆರಿದ್ದರೆ ಕಾರ್ಡು ಇಲ್ಲವೇ ತಂತಿ, ಬೇರೆ ತಂತಿ ಹಾಕಿ ನಿರ್ಧರಿಸಿ. ಉರಿಯುತ್ತಿದ್ದರೆ ಐಪಿ ವಿಳಾಸ ನೋಡಿ. ಅದು 169.254ರಿಂದ ಆರಂಭವಾಗಿದ್ದರೆ ಕಂಪ್ಯೂಟರು ವಿಳಾಸ ಕೇಳಿ, ಯಾರೂ ಕೊಡದಿದ್ದಾಗ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ವಿಳಾಸ ಸರಿಯಿದ್ದರೆ ಸಂಶಯ ರೂಟರಿನ ಮೇಲೆ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಈ ಲೆಕ್ಕ ದೋಷ ಒಂದೇ ಇದೆ ಎಂದು ಭಾವಿಸುತ್ತದೆ. ಜೊತೆಗೆ, ಕೆಲವು ಸಾಧನಗಳು ಪಿಂಗ್‌ಗೆ ಉತ್ತರಿಸದಂತೆ ಹೊಂದಿಸಲ್ಪಟ್ಟಿರುತ್ತವೆ. ಆದ್ದರಿಂದ ಉತ್ತರ ಬಂದರೆ ಅದು ಪುರಾವೆ. ಬಾರದಿದ್ದರೆ ಅದು ಸಂಶಯ ಮಾತ್ರ. ಕೊನೆಯ ಕೊಂಡಿಯಲ್ಲಿ ಇನ್ನೊಂದು ಮೋಜೂ ಇದೆ. ಹಳೆಯ ಕಂಪ್ಯೂಟರಿನ ಒಳಗಿನ 3 ವೋಲ್ಟಿನ ನಾಣ್ಯಾಕಾರದ ಕೋಶ ಮುಗಿದರೆ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗಬಹುದು. ಸುರಕ್ಷಿತ ತಾಣಗಳ ಪ್ರಮಾಣಪತ್ರಕ್ಕೆ ಆರಂಭದ ಮತ್ತು ಮುಕ್ತಾಯದ ದಿನಾಂಕಗಳಿರುವುದರಿಂದ ಬ್ರೌಸರ್ ಅವನ್ನು ತಿರಸ್ಕರಿಸುತ್ತದೆ. ಪಿಂಗ್‌ಗಳೆಲ್ಲ ಸರಿ, ತಾಣ ಮಾತ್ರ ತೆರೆಯದು. ಇಂಥಲ್ಲಿ ರೂಟರಿಗೆ ಗುಂಡುಪಿನ್ನು ಚುಚ್ಚಿ ಏನು ಫಲ?

ತರಗತಿಯಲ್ಲಿ

1984ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಏಳು ಪದರಗಳ ಜಾಲ ಮಾದರಿಯನ್ನು ನಮ್ಮ ವಿದ್ಯಾರ್ಥಿಗಳು ಮಗ್ಗಿಯಂತೆ ಒಪ್ಪಿಸುತ್ತಾರೆ. ತಂತಿ ಜಾರಿದಾಗ ಆ ಏಳರಲ್ಲಿ ಯಾವುದು ಜಾರಿತು ಎಂದರೆ ಸುಮ್ಮನಾಗುತ್ತಾರೆ. ತಪ್ಪು ಅವರದಲ್ಲ. ಪದರ ಎಂದರೆ ಪ್ರತ್ಯೇಕವಾಗಿ ಪರೀಕ್ಷಿಸಬಹುದಾದ ಭಾಗ ಎಂದು ನಾವು ಹೇಳಿಕೊಡಲಿಲ್ಲ.

ಒಂದು ಹಳೆಯ ರೂಟರ್, ಎರಡು ತಂತಿ, ಒಂದು ಕಂಪ್ಯೂಟರ್ ಇದ್ದರೆ ಅಧ್ಯಾಪಕರು ಬೇಕೆಂದೇ ಒಂದು ದೋಷ ಹುದುಗಿಸಿಡಬಹುದು. ವಿದ್ಯಾರ್ಥಿಗಳು ಪ್ರತಿ ಪರೀಕ್ಷೆಗೆ ಮೊದಲು ಏನು ನಿರೀಕ್ಷಿಸುತ್ತೇವೆ ಎಂದು ಬರೆದು, ನಂತರ ಫಲಿತಾಂಶ ಬರೆಯಲಿ. ಅಂತರಜಾಲ ಇದ್ದರೆ ಪಿಂಗ್‌ನ ಸಮಯವನ್ನೂ ಲೆಕ್ಕ ಹಾಕಿಸಬಹುದು. ಬೆಂಗಳೂರಿನಿಂದ ದೆಹಲಿಗೆ ನೇರ ದೂರ 1,700 ಕಿ.ಮೀ.ಗಿಂತ ಹೆಚ್ಚು. ಗಾಜಿನ ನಾರಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗಿ ಬರಲು 17 ಮಿಲಿಸೆಕೆಂಡಿಗಿಂತ ಕಡಿಮೆ ಆಗಲಾರದು. ದೆಹಲಿಯಲ್ಲಿದೆ ಎಂದು ನಾವು ಭಾವಿಸಿದ ಕಂಪ್ಯೂಟರು 3 ಮಿಲಿಸೆಕೆಂಡಿನಲ್ಲಿ ಉತ್ತರಿಸಿದರೆ ಅದು ದೆಹಲಿಯಲ್ಲಿಲ್ಲ!

ಕೈಪಿಡಿ ಬರೆಯುವವರಲ್ಲಿ ನನ್ನ ಕೋರಿಕೆ ಸಣ್ಣದು. ಪ್ರತಿ ಹೆಜ್ಜೆಯ ಮುಂದೆ ಎರಡು ಸಾಲು ಸೇರಿಸಲಿ: ಹೀಗಾದರೆ ಏನೆಂದು ತಿಳಿಯಬೇಕು, ಹೀಗಾಗದಿದ್ದರೆ ಏನೆಂದು ತಿಳಿಯಬೇಕು. ಸೂಕ್ಷ್ಮ ರಂಧ್ರದ ಗುಂಡಿಯನ್ನು ಕೊನೆಯ ಪುಟಕ್ಕೆ ತಳ್ಳಲಿ, ಅದನ್ನು ಒತ್ತಿದರೆ ಏನೇನು ಅಳಿಯುತ್ತದೆ ಎಂದು ದೊಡ್ಡ ಅಕ್ಷರಗಳಲ್ಲಿ ಹೇಳಲಿ. ಅಧ್ಯಾಪಕರಾದ ನಮ್ಮ ಹೊಣೆ ಇನ್ನೂ ದೊಡ್ಡದು. ಮುಂದಿನ ಸಲ ಮನೆಯಲ್ಲಿ ಸಂಪರ್ಕ ಕಡಿದಾಗ ನಮ್ಮ ವಿದ್ಯಾರ್ಥಿಯ ಕೈ ಮೊದಲು ಸ್ವಿಚ್ಚಿನ ಕಡೆಗೆ ಹೋಗುತ್ತದೆಯೇ, ಪೆನ್ನಿನ ಕಡೆಗೆ ಹೋಗುತ್ತದೆಯೇ ಎಂಬುದು ನಾವು ಪ್ರಯೋಗಶಾಲೆಯಲ್ಲಿ ಕಲಿಸಿದ್ದು ಎಷ್ಟು ಉಳಿದಿದೆ ಎಂಬುದರ ಪರೀಕ್ಷೆಯೂ ಹೌದು.