ಹಂಪೆಯನ್ನು ಲೂಟಿ ಮಾಡಿದವರು ಯಾರು?

ಬುಕ್ಕಾಪಟ್ಟಣ ಅಂದರೆ ಸಾಕು, ಬುಕ್ಕರಾಯ ನೆನಪಾಗುತ್ತಾನೆ. ಅದಕ್ಕೋ ಏನೋ, ವಿಜಯನಗರ ಅಂದರೆ ನಮ್ಮ ಕಡೆ ಎದೆ ಉಬ್ಬಿಸಿ ಮಾತಾಡುವವರಿಗೆ ಬರ ಇಲ್ಲ. ಬೀದಿಯಲ್ಲಿ ಮುತ್ತುರತ್ನ ಮಾರುತ್ತಿದ್ದರು, 1565ರಲ್ಲಿ ಸುಲ್ತಾನರು ಒಂದಾಗಿ ಬಂದರು, ಇಬ್ಬರು ಮುಸ್ಲಿಂ ಸರದಾರರು ದ್ರೋಹ ಬಗೆದರು, ಸಾಮ್ರಾಜ್ಯ ಮುಳುಗಿತು. ಪಾಠದಲ್ಲಿ, ನಾಟಕದಲ್ಲಿ, ಭಾಷಣದಲ್ಲಿ ಇದೇ ಕತೆ. ಈ ಕತೆಯಲ್ಲಿ ನಾವು ಎಲ್ಲಿದ್ದೇವೆ?

ಇದ್ದೇವೆ, ಕಳ್ಳರಾಗಿ. ರಾಬರ್ಟ್ ಸೂಯೆಲ್ 1900ರಲ್ಲಿ ಬರೆದ 'ಎ ಫರ್ಗಾಟನ್ ಎಂಪೈರ್' ಪುಸ್ತಕ ನೋಡಿ. ಸೋಲಿನ ಸುದ್ದಿ ಮುಟ್ಟಿದ ಕೂಡಲೇ ರಾಮರಾಯನ ತಮ್ಮ ತಿರುಮಲ ಮತ್ತು ರಾಜಮನೆತನದವರು 550 ಆನೆಗಳ ಮೇಲೆ ಭಂಡಾರ ಹೇರಿಕೊಂಡು ಪೆನುಕೊಂಡೆಯ ದಾರಿ ಹಿಡಿದರಂತೆ. ಮಾರನೆಯ ದಿನ, ಸುಲ್ತಾನರ ದಂಡು ಬರುವ ಮೊದಲೇ, ಬ್ರಿಂಜಾರಿಗಳು, ಲಂಬಾಣಿಗಳು, ಕುರುಬರು ಊರಿನ ಮೇಲೆ ಬಿದ್ದು ಅಂಗಡಿ ದೋಚಿದರಂತೆ. 550 ಆನೆ ಹೊತ್ತೊಯ್ದರೆ ಅದು ಪಲಾಯನ. ಬಡವರು ಅಂಗಡಿಗೆ ಕೈಹಾಕಿದರೆ ಅದು ಲೂಟಿ! ಈ ವ್ಯಾಕರಣ ಯಾರದು?

ಇನ್ನೊಂದು ಅನುಮಾನ. ಲಂಬಾಣಿಗಳು ದೊಡ್ಡ ಸಂಖ್ಯೆಯಲ್ಲಿ ದಖನ್ನಿಗೆ ಇಳಿದದ್ದು 17ನೇ ಶತಮಾನದಲ್ಲಿ, ಎತ್ತುಗಳ ಮೇಲೆ ಮೊಗಲ್ ಸೈನ್ಯಕ್ಕೆ ದವಸ ಹೊರುತ್ತ, ಎಂಬುದು ಹೆಚ್ಚಿನ ಇತಿಹಾಸಕಾರರ ಮಾತು. ಹಾಗಾದರೆ 1565ರಲ್ಲಿ ಹಂಪೆಯ ಬಾಗಿಲಿಗೆ ಅವರು ಹಿಂಡುಗಟ್ಟಿ ಬಂದದ್ದು ಎಲ್ಲಿಂದ? ಸೂಯೆಲ್ ಮದರಾಸಿನ ಬ್ರಿಟಿಷ್ ಅಧಿಕಾರಿ. ಅಲೆಮಾರಿ ಜಾತಿಗಳನ್ನು ಹುಟ್ಟು ಅಪರಾಧಿಗಳೆಂದು 1871ರಲ್ಲಿ ಕಾಯ್ದೆ ಮಾಡಿದ ಆಡಳಿತದ ಕಣ್ಣು ಅವನದು. ಕಳ್ಳರು ಬೇಕಾದಾಗ ಯಾವ ಹೆಸರು ಬರೆಯಬೇಕೆಂದು ಆ ಕಣ್ಣಿಗೆ ಮೊದಲೇ ಗೊತ್ತಿತ್ತು.

ಅದೇ ಪುಸ್ತಕದಲ್ಲಿ ನಮ್ಮವರು ಇನ್ನೊಂದು ಕಡೆಯೂ ಇದ್ದಾರೆ, ಹೆಸರಿಲ್ಲದೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪಯಣಿಗ ಪಾಯಸ್, ಕೆರೆ ಕಟ್ಟುವಲ್ಲಿ 15-20 ಸಾವಿರ ಜನ ಇರುವೆಗಳ ಹಾಗೆ ದುಡಿಯುವುದನ್ನು ಕಂಡ. ಕೆರೆಯ ಏರಿ ಎರಡು ಮೂರು ಸಲ ಒಡೆಯಿತು. ದೇವರಿಗೆ ರಕ್ತ ಬೇಕು ಅಂದರು ಬ್ರಾಹ್ಮಣರು. ಅರವತ್ತು ಜನರ ತಲೆ ಕಡಿಸಿದ ರಾಯ. ಆ ಅರವತ್ತು ಜನ ಯಾರ ಮನೆ ಮಕ್ಕಳು? ಬರೆದಿಲ್ಲ. ಏರಿಗೆ ಬಲಿಯಾದವರಿಗೆ ಜಾತಿ ಇಲ್ಲ, ಹೆಸರಿಲ್ಲ. ಲೂಟಿಗೆ ಮಾತ್ರ ಜಾತಿ ಉಂಟು.

ಸಾಮ್ರಾಜ್ಯ ಯಾಕೆ ಬಿತ್ತು ಅನ್ನುವ ಪ್ರಶ್ನೆಗೆ ಉತ್ತರ ಇಲ್ಲಿಂದ ಶುರುವಾಗಬೇಕು. ಭೂಮಿಯನ್ನು ನಾಯಕರಿಗೆ ಹಂಚಿದ್ದರು. ನಾಯಕರು ದಂಡು ಸಾಕಬೇಕು, ರಾಯನಿಗೆ ಹಣ ಕಟ್ಟಬೇಕು. ಭಾರವೆಲ್ಲ ಬಂದು ಕೂತದ್ದು ಉಳುವವನ ಬೆನ್ನ ಮೇಲೆ. ಬೆಳೆದವನು ಹತ್ತರಲ್ಲಿ ಒಂಬತ್ತು ಪಾಲು ಒಡೆಯನಿಗೆ ಕೊಡುತ್ತಿದ್ದ ಅಂತಾನೆ ನೂನಿಜ್. ಲೆಕ್ಕ ಹೆಚ್ಚೇ ಇರಲಿ, ಅರ್ಧ ನಿಜವಾದರೂ ಹೊಟ್ಟೆಗೆ ಏನು ಉಳೀತು? ಜನ ಸುಮ್ಮನೆ ಕೂತಿರಲೂ ಇಲ್ಲ. 1429ರಲ್ಲಿ, ಇಮ್ಮಡಿ ದೇವರಾಯನ ಕಾಲದಲ್ಲೇ, ಕಾವೇರಿ ಬಯಲಿನಲ್ಲಿ ಬಲಗೈ ಎಡಗೈ ಜಾತಿಗಳು ಒಂದಾಗಿ, ಅನ್ಯಾಯದ ತೆರಿಗೆ ಕಟ್ಟುವುದಿಲ್ಲ ಎಂದು ಕಲ್ಲಿನಲ್ಲೇ ಕೆತ್ತಿಸಿದವು. ಬಿರುಕು ಬಿಟ್ಟದ್ದು ಯುದ್ಧಕ್ಕೆ 136 ವರ್ಷ ಮೊದಲು!

ದ್ರೋಹದ ಕತೆ? ಇಬ್ಬರು ಸರದಾರರು ಪಕ್ಷ ಬದಲಿಸಿದರು ಎಂದು 1567ರಲ್ಲಿ ಹಂಪೆಗೆ ಬಂದ ಫ್ರೆಡರಿಕ್ ಬರೆದಿದ್ದಾನೆ. ಇರಬಹುದು. ಆದರೆ ರಾಮರಾಯ ತಾನೇ ಬಿಜಾಪುರದ ಸುಲ್ತಾನನನ್ನು ಜೊತೆಗಿಟ್ಟುಕೊಂಡು ಅಹಮದ್‌ನಗರದ ಮೇಲೆ ದಂಡೆತ್ತಿದವನು. ದೊರೆಗಳಿಗೆ ಧರ್ಮ ಅಡ್ಡ ಬಂದಿರಲಿಲ್ಲ, ನಮಗೆ ಮಾತ್ರ ಈಗ ಅಡ್ಡ ತರುತ್ತಿದ್ದಾರೆ. ಇಬ್ಬರು ಬೆನ್ನು ತಿರುಗಿಸಿದರೆ ಬೀಳುವ ರಾಜ್ಯ ಜನರ ಮೇಲೆ ನಿಂತಿರಲಿಲ್ಲ, ಜನರನ್ನು ತುಳಿದು ನಿಂತಿತ್ತು.

ಬಿದ್ದ ಮೇಲಾದರೂ ನಮ್ಮ ಹಟ್ಟಿಗಳಿಗೆ ಬೆಳಕು ಬಂತಾ? ಇಲ್ಲ. ಓಡಿದವರು ಪೆನುಕೊಂಡೆಯಲ್ಲಿ ಮತ್ತೆ ಸಿಂಹಾಸನ ಹಾಕಿದರು. ಸಿರಾ, ಮಧುಗಿರಿ, ನಿಡುಗಲ್ಲಿನಲ್ಲಿ ಪಾಳೆಯಗಾರರು ಎದ್ದರು. ಸಿರಾಕ್ಕೆ ಬಿಜಾಪುರದವರು ಬಂದರು, 1687ರಲ್ಲಿ ಮೊಗಲರು ಬಂದರು. ಬಾವುಟ ಬದಲಾಯಿತು, ಬಿಟ್ಟಿ ಚಾಕರಿ ಬದಲಾಗಲಿಲ್ಲ.

ಮೇಷ್ಟ್ರುಗಳಲ್ಲಿ ನಮ್ಮದೊಂದು ಕೇಳಿಕೆ. ತಾಳಿಕೋಟೆಯ ಪಾಠ ಮಾಡುವಾಗ ನಿಮ್ಮ ಮುಂದೆ ತಾಂಡಾದ ಹುಡುಗಿ ಕೂತಿರುತ್ತಾಳೆ, ಕುರುಬರ ಹುಡುಗ ಕೂತಿರುತ್ತಾನೆ, ಮಸೀದಿ ಪಕ್ಕದ ಮನೆಯ ಕೂಸು ಕೂತಿರುತ್ತದೆ. ಅವರನ್ನು ಕಳ್ಳರ, ದ್ರೋಹಿಗಳ ಮಕ್ಕಳು ಮಾಡಿ ಮನೆಗೆ ಕಳಿಸಬೇಡಿ. ಆನೆಗಳ ಲೆಕ್ಕ ಹೇಳಿ. ಅರವತ್ತು ತಲೆಗಳ ಲೆಕ್ಕ ಕೇಳಿ.